ಮುನಿಆಂಜಿನಪ್ಪ ಬರೆದ ಬಿನ್ನವತ್ತಳೆ

ಹೊಗಳುವುದಕ್ಕೂ ಒಂದು ಹದ ಬೇಕು. ಮುದ್ದೆ ತಿರುವುವವರಿಗೆ ಈ ಹದ ಗೊತ್ತಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಅಲಂಕಾರದ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವರಿಗೆ ಮಾತ್ರ ಗೊತ್ತಿರುವುದಿಲ್ಲ. ಯಲಹಂಕದ ಮುನಿಆಂಜಿನಪ್ಪ ಈ ಎರಡನೆಯ ಪಂಗಡದವನು.

ಅವನು ಪಟಾಲಮ್ಮ ಬಳಕೆದಾರರ ಸಹಕಾರ ಸಂಘದಲ್ಲಿ ಸಹಾಯಕ ಕಾರ್ಯದರ್ಶಿ. ಸಂಘವೆಂದರೆ ಊರದೇವತೆ ಪಟಾಲಮ್ಮನ ಗುಡಿಯ ಪಕ್ಕದ ಎರಡು ಕೋಣೆ. ಒಂದರಲ್ಲಿ ಸಕ್ಕರೆ, ಸೀಮೆಎಣ್ಣೆ. ಇನ್ನೊಂದರಲ್ಲಿ ಕಾರ್ಯದರ್ಶಿ ರಹಮತುಲ್ಲಾ ಸಾಹೇಬರು. ಸಾಹೇಬರಿಗೆ ತಿರುಗುವ ಕುರ್ಚಿ, ಮುನಿಆಂಜಿನಪ್ಪನಿಗೆ ಸ್ಟೂಲು. (ಸ್ಟೂಲು ತಿರುಗುವುದಿಲ್ಲ, ಆದರೆ ಒಂದು ಕಾಲು ಗಿಡ್ಡವಾದ್ದರಿಂದ ಆಗಾಗ ಕುಣಿಯುತ್ತದೆ.) ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸಾಹೇಬರ ನಿವೃತ್ತಿ ಬಂತು. ಆ ಕುರ್ಚಿ ಇನ್ನು ಯಾರದೆಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮುನಿಆಂಜಿನಪ್ಪನ ಹೆಂಡತಿ ಮುನಿಕೆಂಪಮ್ಮನಂತೂ ಪಕ್ಕದ ಮನೆ ಚನ್ನಕ್ಕನ ಬಾಯಲ್ಲಿ 'ಸೆಕ್ರೆಟ್ರಿ ಹೆಂಡ್ತಿ' ಎಂದು ಕರೆಸಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು.

ಕೈಕಟ್ಟಿ ಕೂತಿದ್ದರೆ ಕುರ್ಚಿ ತಾನಾಗಿ ಬರುತ್ತಿತ್ತು. ಅಷ್ಟರಲ್ಲಿ ಸಂಘದ ಅಧ್ಯಕ್ಷ ಚಿಕ್ಕಮುನಿಯಪ್ಪನವರು, "ಸಾಹೇಬ್ರಿಗೆ ಒಂದು ಬಿನ್ನವತ್ತಳೆ ಓದಿ, ಗಾಜಿನ ಕಟ್ಟು ಆಕ್ಸಿ ಕೊಡಾನ. ನೀನೇ ಬರ್ದ್ಬಿಡು, ಓದಿರೋನು," ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಭಾನುವಾರ ಮುನಿಆಂಜಿನಪ್ಪ ಹಳೇ ವ್ಯಾಕರಣ ಪುಸ್ತಕದ ಧೂಳು ಕೊಡವಿ ಜಗಲಿಯ ಮೇಲೆ ವಿರಾಜಮಾನನಾದ. ಎದುರಿಗೆ ಮುನಿಕೆಂಪಮ್ಮ ಬಿಸಿಲಲ್ಲಿ ರಾಗಿ ಕೇರುತ್ತಿದ್ದಳು.

"ಕೆಂಪೀ, ಅಲಂಕಾರ ಅಂದ್ರೇನು ಗೊತ್ತಾ?"

"ಗೊತ್ತು. ಮದ್ವೇಲಿ ನಿಮ್ಮಪ್ಪ ಆಕ್ತೀನಿ ಅಂದು ಆಕ್ದೇ ಇದ್ದದ್ದು."

"ಅದಲ್ಲ ಕಣೇ, ಮಾತಿಗೆ ಹಾಕೋದು. ನೋಡು, 'ನಿನ್ನ ಮುಖ ಚಂದ್ರನಂತೆ ಹೊಳೆಯುತ್ತಿದೆ.' ಮುಖ ಉಪಮೇಯ, ಚಂದ್ರ ಉಪಮಾನ, 'ಅಂತೆ' ವಾಚಕ ಪದ, ಹೊಳೆಯೋದು ಸಮಾನ ಧರ್ಮ. ನಾಲ್ಕೂ ಇದ್ರೆ ಪೂರ್ಣೋಪಮೆ."

"ಅದು ಬೆವರು. ಬಂದು ಈ ಮೊರ ಇಡ್ಕೊಳ್ಳಿ, ಎಲ್ಲಾ ಪೂರ್ಣ ಆಯ್ತದೆ."

ಅರಸಿಕರ ನಡುವೆ ಬದುಕುವುದು ಪ್ರತಿಭಾವಂತರ ಹಣೆಬರಹ ಎಂದುಕೊಂಡು ಅವನು ಲೇಖನಿಯನ್ನು ಕೈಗೆತ್ತಿಕೊಂಡ. 'ಸಾಹೇಬರು ಸೂರ್ಯನಂತೆ ಬೆಳಗಿದರು' ಎಂದು ಬರೆದ. ಸಪ್ಪೆ ಅನ್ನಿಸಿತು. 'ಅಂತೆ' ಹೊಡೆದುಹಾಕಿ 'ಸಾಹೇಬರೇ ಸೂರ್ಯ' ಎಂದ. ಉಪಮೆ ಹೋಗಿ ರೂಪಕವಾಯಿತು, ಮೈ ಜುಮ್ಮೆಂದಿತು. ರೂಪಕದ ರುಚಿ ಹತ್ತಿದವನು ಅತಿಶಯೋಕ್ತಿಯ ಕಡೆ ನೋಡದೆ ಇರುತ್ತಾನೆಯೇ? ಸಂಜೆಯ ಹೊತ್ತಿಗೆ ಬಿನ್ನವತ್ತಳೆ ಸಿದ್ಧವಾಗಿ, ಅವನು ಗಂಟಲು ಸರಿಮಾಡಿಕೊಂಡು ಹೆಂಡತಿಗೆ ಓದಿ ಹೇಳಿದ:

"ಓ ಮಹನೀಯರೇ, ತಾವು ಹೊರಟರೆ ಸಂಘದ ಸಕ್ಕರೆ ಸಪ್ಪೆಯಾಗುವುದು, ಸೀಮೆಎಣ್ಣೆ ಉರಿಯಲೊಲ್ಲದು! ತಾವಿಲ್ಲದ ನಾವು ತಬ್ಬಲಿಗಳು! ತಮ್ಮ ದಿವ್ಯಾಸನವನ್ನು ಏರಬಲ್ಲ ನರಮನುಷ್ಯ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ!"

"ಉಟ್ಟಿಲ್ವಾ?" ಮುನಿಕೆಂಪಮ್ಮ ಮೊರ ಕೆಳಗಿಟ್ಟಳು. "ಅಂಗಾದ್ರೆ ನೀವ್ಯಾರು?"

"ಅತಿಶಯೋಕ್ತಿ ಕಣೇ! ಯಾರೂ ನಂಬಬಾರದು ಅಂತಾನೇ ಬರೆಯೋದು."

"ಎದ್ದು ಒಂಟ ನೆಂಟರ ಮೂಗಿಗೆ ಒಬ್ಬಟ್ಟಿನ ವಾಸ್ನೆ ಇಡಿದ್ರೆ ಚಪ್ಲಿ ಬಿಟ್ಟು ಮತ್ತೆ ಒಳೀಕೆ ಬತ್ತಾರೆ. ನೋಡ್ಕೊಳ್ಳಿ."

ಮುನಿಆಂಜಿನಪ್ಪನಿಗೆ ಹೆಂಡತಿಯ ಮೇಲೆ ಕನಿಕರ ಹುಟ್ಟಿತು. ಪಾಪ, ಅವಳ ಮಾತಿನಲ್ಲಿ ಒಂದು ವಾಚಕ ಪದವೂ ಇರಲಿಲ್ಲ.

ಸಮಾರಂಭ ಪಟಾಲಮ್ಮನ ಗುಡಿಯ ಮುಂದೆ. ಶಾಮಿಯಾನ, ಮೈಕು, ಖಾರಾಬೂಂದಿ ಎಲ್ಲವೂ ಇದ್ದವು. ಆ ಗುಡಿಯ ಮುಂದೆ ಸುಳ್ಳಾಡುವ ಪದ್ಧತಿ ಮಾತ್ರ ಊರಿನಲ್ಲಿ ಇರಲಿಲ್ಲ. ಕರು ಕಳೆದುಹೋಗಲಿ, ಗಡಿಕಲ್ಲು ಸರಿದುಹೋಗಲಿ, ಅಲ್ಲೇ ಕರ್ಪೂರ ಹಚ್ಚಿ ಪ್ರಮಾಣ ಮಾಡುವುದು, ಆಡಿದ್ದು ಆಡಿದ್ದೇ. ಮುನಿಆಂಜಿನಪ್ಪನಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಆದರೆ ಅವತ್ತು ತಲೆಯಲ್ಲಿ ರೂಪಕವೇ ತುಂಬಿಕೊಂಡು ಬೇರೇನಕ್ಕೂ ಜಾಗವಿರಲಿಲ್ಲ. ಪೂಜಾರಿ ತಟ್ಟೆ ತುಂಬ ಕರ್ಪೂರ ಹಚ್ಚಿದ. ಇವನು ಮೈಕು ಹಿಡಿದ.

ಓದಿದ್ದೇ ಓದಿದ್ದು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರ ಬೇಗಂ ಸಬೀರಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. (ಇಷ್ಟು ವರ್ಷ ಸಂಸಾರ ಮಾಡಿದ್ದು ಸೂರ್ಯನ ಜೊತೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.) ಸಾಹೇಬರು ಬಿಕ್ಕಿ ಬಿಕ್ಕಿ ಅತ್ತರು. ಚಪ್ಪಾಳೆ ನಿಂತ ಮೇಲೆ ಚಿಕ್ಕಮುನಿಯಪ್ಪನವರು ನಿಧಾನವಾಗಿ ಎದ್ದರು.

"ಅಮ್ಮನ ಮುಂದೆ, ಕರ್ಪೂರ ಉರೀವಾಗ, ನಮ್ಮ ಆಂಜಿನಪ್ಪ ಅಂದವ್ನೆ, ಸಾಹೇಬ್ರಿಲ್ದಿದ್ರೆ ನಾವು ತಬ್ಬಲಿಗಳು ಅಂತ. ಆ ಕುರ್ಚೀಲಿ ಕೂರೋನು ಇನ್ನೂ ಉಟ್ಟಿಲ್ಲ ಅಂತ. ಕೂರ್ಬೇಕಾದೋನೇ ಇಂಗಂದ್ಮೇಲೆ ನಾವೇನ್ ಅನ್ನಾದು? ನಾಳೆ ಅವನ್ನೇ ಕೂರ್ಸಿದ್ರೆ, ಅವನು ಅಮ್ಮನ ಮುಂದೆ ಆಡಿದ್ದು ಸುಳ್ಳಾಯ್ತದೆ. ಮಕ್ಳಿರೋನು, ಅಮ್ಮನ ಶಾಪ ತಟ್ಟೋದು ಬ್ಯಾಡ. ಸಾಹೇಬ್ರೇ ಇನ್ನು ಮೂರು ವರ್ಷ ಇರ್ಲಿ."

ಮುನಿಆಂಜಿನಪ್ಪ ಮೈಕಿಗೇ ಕೂಗಿದ: "ಅಧ್ಯಕ್ಷರೇ, ಅದು ಅತಿಶಯೋಕ್ತಿ! ಅಲಂಕಾರ!"

"ಅಂದ್ರೆ ಸುಳ್ಳಾ?"

ಕರ್ಪೂರ ಇನ್ನೂ ಉರಿಯುತ್ತಿತ್ತು. ಊರಿಗೆ ಊರೇ ಅವನ ಬಾಯಿ ನೋಡುತ್ತಿತ್ತು. ಹೆಂಗಸರ ಸಾಲಿನಲ್ಲಿ ಮುನಿಕೆಂಪಮ್ಮ ಎರಡೂ ಕೆನ್ನೆ ಬಡಿದುಕೊಂಡು ಅಮ್ಮನಿಗೆ ಕೈಮುಗಿಯುತ್ತಿದ್ದಳು. ಮನೆಯಲ್ಲಿ ಕರು ಹಾಕಲಿರುವ ಹಸು, ಪರೀಕ್ಷೆ ಬರೆದು ಕೂತ ಮಗ.

"ಸು... ಸುಳ್ಳಲ್ಲ," ಎಂದ ಮುನಿಆಂಜಿನಪ್ಪ.

"ಅಂಗನ್ನು ಮತ್ತೆ," ಎಂದರು ಅಧ್ಯಕ್ಷರು. ಸಂಘದ ನಿರ್ದೇಶಕರೆಲ್ಲ ಒಪ್ಪಿ ಕೈಯೆತ್ತಿದರು. ಸಾಹೇಬರು ಓಡಿ ಬಂದು ಅವನನ್ನು ತಬ್ಬಿಕೊಂಡರು. "ನಾಗಸಂದ್ರಕ್ಕೆ ಹೋಗಿ ಮಗಳ ಹತ್ರ ಇರೋಣ ಅಂತಿದ್ದೆ ಆಂಜಿನಪ್ಪಾ. ತಬ್ಬಲಿಗಳನ್ನ ಬಿಟ್ಟು ಹೆಂಗಪ್ಪಾ ಹೋಗ್ಲಿ?" ಅವರ ಭುಜದ ಮೇಲೆ ಮುಖವಿಟ್ಟು ಮುನಿಆಂಜಿನಪ್ಪನೂ ಅತ್ತ. ಅದರಲ್ಲಿ ಯಾವ ಅಲಂಕಾರವೂ ಇರಲಿಲ್ಲ.

ಮನೆಗೆ ಬಂದ ಮೇಲೆ ಮುನಿಕೆಂಪಮ್ಮ ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು.

"ಸಿಟ್ಟಾ ಕೆಂಪೀ?"

"ಇಲ್ಲ. ಮೂರು ವರ್ಷ ಆದ್ಮೇಲೆ ಬಿನ್ನವತ್ತಳೆ ನಾನು ಯೋಳ್ತೀನಿ, ನೀವು ಬರ್ಕೊಳ್ಳಿ. 'ಬಂದ್ರಿ. ದುಡಿದ್ರಿ. ಓಗ್ಬನ್ನಿ.' ಅದರ ಮೇಲೆ ಒಂದಕ್ಷರ ಸೇರ್ಸಿದ್ರೆ ಕೈ ಮುರೀತೀನಿ."

ಅವನು ತಲೆ ತಗ್ಗಿಸಿ ಮುದ್ದೆ ಮುರಿಯುವಷ್ಟರಲ್ಲಿ ಬಾಗಿಲಲ್ಲಿ ಚನ್ನಕ್ಕ ಬಂದು ನಿಂತಳು. ಮುಖದಲ್ಲಿ ಭಕ್ತಿ ತುಂಬಿತ್ತು.

"ಆಂಜಿನಪ್ಪಣ್ಣ, ಏನ್ ಬರ್ದಿದ್ರಿ ಅಣ್ಣಾ! ನಮ್ ಯಜಮಾನ್ರೂ ಬರೋ ತಿಂಗ್ಳು ಫ್ಯಾಕ್ಟ್ರೀಲಿ ರಿಟೈರು. ಅವ್ರಿಗೂ ಅಂಥದ್ದೇ ಒಂದು ಬಿನ್ನವತ್ತಳೆ ಬರ್ಕೊಡಿ. ಮೂರು ವರ್ಷ ಬ್ಯಾಡ, ಎರಡೇ ವರ್ಷಕ್ಕಾಗೋವಷ್ಟು ಬರೀರಿ, ಸಾಕು."