ಅತ್ತೆಯ ಗಾಲಿಕುರ್ಚಿಗೆ ಜೀಪಿನ ಉಕ್ಕು

ನಮ್ಮ ಸೋದರಮಾವನಿಗೆ ದೇವರಿಗಿಂತ ಗುಜರಿ ಅಂಗಡಿಯ ಮೇಲೆ ಭಕ್ತಿ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ಅರಸೀಕೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ! ಗುಮಾಸ್ತಗಿರಿಯಿಂದ ನಿವೃತ್ತನಾದ ಮರುವಾರವೇ ಹಿತ್ತಿಲ ಕೊಟ್ಟಿಗೆಯಲ್ಲಿ ಲೋಹ ಕಡೆಯುವ ಹಳೆಯ ಲೇತ್ ಯಂತ್ರ ಕೂರಿಸಿದ ಮಹಾನುಭಾವ. ಹೊಸ ಕಬ್ಬಿಣ ಮುಟ್ಟಿದರೆ ಮಡಿ ಕೆಡುತ್ತದೆಯೇನೋ ಎಂಬಂತೆ ಆಡುತ್ತಿದ್ದ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ವರ್ಷಕ್ಕೊಮ್ಮೆಯಾದರೂ ಹೋಗದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಅವಳು ಕೈಮುಗಿದು ನಿಂತರೆ ಈತ ಕನ್ನಡಿಯಂತೆ ಹೊಳೆಯುವ ಕಲ್ಲುಕಂಬದ ಸುತ್ತಳತೆಯನ್ನು ದಾರದಲ್ಲಿ ಹಿಡಿಯುತ್ತಿದ್ದ!

“ರೀ, ಸ್ವಾಮಿ ಈ ಕಡೆ ಇದಾರೆ!”

“ಇರ್ಲಿ ಬಿಡೇ, ಅವ್ರೆಲ್ಲೂ ಹೋಗಲ್ಲ. ಇದನ್ನ ಅದ್ಯಾವ ಲೇತಲ್ಲಿ ತಿರುಗ್ಸಿದ್ರೋ ನೋಡು!”

ಹೋದ ವರ್ಷ ಅತ್ತೆಯ ಕಾಲುಗಳು ಸ್ವಾಧೀನ ತಪ್ಪಿದವು. ಹೃದಯವೂ ಸೋತಿದೆ ಎಂದರು ಡಾಕ್ಟರು. “ಇನ್ನೊಂದ್ಸಲ ಬಸದಿ ನೋಡ್ಬೇಕು ಕಣ್ರೀ” ಎಂದಳು. ಮಾವ ಗುಜರಿಯಿಂದ ತಂದಿದ್ದ ಗಾಲಿಕುರ್ಚಿಯ ಚಕ್ರದ ಅಚ್ಚು ಬಾಗಿತ್ತು. ಅಂಗಡಿಯಲ್ಲಿ ಹೊಸ ಅಚ್ಚು ಸಿಗುತ್ತಿತ್ತು. ಮಾವ ಕೇಳಬೇಕಲ್ಲ!

“ಅಂಗಡೀದು ಮೇಣ ಕಣೇ! ನನ್ಹತ್ರ ಹಳೇ ಜೀಪಿನ ಆಕ್ಸಲ್ ಐತೆ. ಅದ್ರಲ್ಲಿ ಮಾಡ್ತೀನಿ, ಜನ್ಮಕ್ಕೆ ಬಾಗಲ್ಲ!”

ಜೀಪಿನ ಉಕ್ಕು ಜಪ್ಪಯ್ಯ ಎನ್ನಲಿಲ್ಲ. ಕೊರೆಯುವ ಉಳಿಗಳೇ ಒಂದೊಂದಾಗಿ ಮುರಿದವು. ಕೊನೆಗೆ ಆ ತುಂಡನ್ನು ಬಚ್ಚಲೊಲೆಯಲ್ಲಿ ತೆಂಗಿನ ಚಿಪ್ಪಿನ ಕೆಂಡಕ್ಕೆ ಹಾಕಿ, ಕೆಂಪಗೆ ಕಾಯಿಸಿ, ಬೂದಿ ಮುಚ್ಚಿದ. ತಾನಾಗಿ ನಿಧಾನಕ್ಕೆ ಆರಿದರೆ ಮೆತ್ತಗಾಗುತ್ತದಂತೆ. ಅತ್ತೆಯ ಆರೈಕೆಗೆಂದು ಬಂದಿದ್ದ ನನಗೆ ಇದೆಲ್ಲ ಹೇಗೆ ಗೊತ್ತು? ಸ್ನಾನ ಮುಗಿಸಿ, ಅಮ್ಮ ಕಲಿಸಿದ ಹಾಗೆ, ಕೆಂಡ ಆರಲೆಂದು ಒಲೆಗೊಂದು ಚೆಂಬು ನೀರು ಹೊಯ್ದೆ. ಚುಂಯ್! ಥಟ್ಟನೆ ತಣಿದ ಉಕ್ಕು ಮೊದಲಿಗಿಂತ ಗಟ್ಟಿಯಾಯಿತು.

ಮಾವ ತಲೆಯ ಮೇಲೆ ಕೈಹೊತ್ತು ಕೂತ. ಅತ್ತೆ ಹಾಸಿಗೆಯಿಂದಲೇ ಕೇಳಿದಳು: “ನಿಮ್ಮಾವನಷ್ಟು ಗಟ್ಟಿ ಆಯ್ತೇನೇ?” ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಮಾವ ಮತ್ತೆ ಕಾಯಿಸಿದ, ಬೂದಿ ಮುಚ್ಚಿದ, ಕಾದ, ಕಡೆದ. ಅಚ್ಚು ಮುಗಿಯಲು ಇನ್ನೆರಡು ದಿನವಿದೆ ಎನ್ನುವಾಗ ಅತ್ತೆ ಹೋಗಿಬಿಟ್ಟಳು.

ಅವನು ಆಮೇಲೂ ಅದನ್ನು ಮುಗಿಸಿದ. ಕುರ್ಚಿಗೆ ಕೂರಿಸಿ, ಚಕ್ರ ತಿರುಗಿಸಿ ನೋಡಿದ. ಚೂರೂ ಸದ್ದಿಲ್ಲ. ನನಗೆ ತಡೆಯಲಾಗಲಿಲ್ಲ. “ನಾನು ಆವತ್ತು ನೀರು ಹುಯ್ಯದೆ ಇದ್ದಿದ್ರೆ ಅತ್ತೆ ಬಸದಿ ನೋಡ್ತಿದ್ರು, ಮಾವ” ಎಂದು ಅತ್ತುಬಿಟ್ಟೆ.

ಮಾವ ಎಣ್ಣೆಗೈಯಲ್ಲೇ ನನ್ನ ತಲೆ ಸವರಿದ.

“ನಿಂದೇನೈತಮ್ಮ ತಪ್ಪು? ಅಂಗಡೀದು ಹಾಕಿದ್ರೂ ಒಂದು ದಿನದ ಮಟ್ಟಿಗೆ ಬಾಗ್ದೆ ತಡ್ಕೊಳ್ತಿತ್ತು. ಅವ್ಳು ಕೇಳಿದ್ದು ಅಷ್ಟೇ.”