ಕಪ್ಪಿನ ಕಿವಿಯಲ್ಲಿ ದೊಡ್ಡಮ್ಮನ ಬೆರಳು

"ನಿನ್ನ ಕಪ್ಪಿನ ಕಿವಿಯೊಳಗೆ ಯಜಮಾನ್ರ ಮನೆ ದೊಡ್ಡಮ್ಮನ ಬೆರಳು ಸಿಕ್ಕಾಕೊಂಡಿದೆಯಂತೆ ಕಣೋ. ಬೆಳಗ್ಗೆಯಿಂದ ಈಚೆಗೇ ಬರ್ತಿಲ್ವಂತೆ."

ಪಿಂಗಾಣಿಗೆ ಹೊಳಪು ಹಚ್ಚೋ ಗ್ಲೇಜ್ ಅಕ್ಕ ಇಷ್ಟು ಹೇಳಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೈಲಿದ್ದ ಬಟ್ಟಲನ್ನ ಹೊಳಪಿನ ಬಕೆಟ್ಟಲ್ಲಿ ಮುಳುಗಿಸಿ ಎತ್ತಿದ್ಲು. ಸೋಪುಡಬ್ಬಿಯ ಕೈಯಿಂದ ಪೆನ್ಸಿಲ್ ಜಾರಿ ಬಿತ್ತು.

ಸೋಪುಡಬ್ಬಿ ಅನ್ನೋದು ಅವನಿಗೆ ಕಾರ್ಖಾನೆಯವರು ಇಟ್ಟ ಹೆಸರು. ಪಿಂಗಾಣಿ ಕಾರ್ಖಾನೆಯಲ್ಲಿ ಅವನು ಡಿಸೈನರ್. ಆರು ವರ್ಷದಿಂದ ಅವನ ಕೈಲಿ ಮಾಡಿಸಿದ್ದು ಬರೀ ಸೋಪುಡಬ್ಬಿ, ಟೂತ್‌ಬ್ರಷ್ ಸ್ಟ್ಯಾಂಡು, ಒಂದೇ ಒಂದು ಸಲ ಹೂದಾನಿ. ಊಟದ ತಟ್ಟೆ, ಕಪ್ಪು ಸಾಸರು ಎಲ್ಲಾ ದೊಡ್ಡವರ ಕೆಲಸ, ಅವನದ್ದೇನಿದ್ರೂ ಬಚ್ಚಲುಮನೆ. ಯಜಮಾನ್ರ ಹಿಂದೆ ಆರು ವರ್ಷ ಅಲೆದು ಅಲೆದು ಈ ಸಲ ಕೊನೆಗೂ ಒಂದು ಟೀ ಸೆಟ್ ಸಿಕ್ಕಿತ್ತು. ಕಪ್ಪಿನ ಅಡಿಯಲ್ಲಿ ಅವನ ಸಹಿ ಅಚ್ಚಾಗೋದು ಬೇರೆ. ಅವರಮ್ಮ ಈ ವಿಷಯವನ್ನ ಬೀದಿಗೆಲ್ಲಾ ಸಾರಿ, ಕಪ್ಪನ್ನ ಬೋರಲು ಹಾಕಿ ತೋರಿಸೋಕೆ ಅಂತ ಮೂರು ಮನೆಯವರನ್ನ ಆಗಲೇ ಕರೆದೂ ಬಿಟ್ಟಿದ್ರು.

ನೋಡೋಕೆ ಅಂತ ಮೊದಲು ಸುಟ್ಟಿದ್ದೇ ಆರು ಕಪ್ಪು. ನಿನ್ನೆ ಸಂಜೆ ಭಟ್ಟಿ ತೆಗೆದಾಗ ಯಜಮಾನ್ರೇ ಬಂದು, ಬಿಸಿ ಆರೋದ್ರೊಳಗೆ ಆರನ್ನೂ ಡಬ್ಬಿಗೆ ತುಂಬಿಕೊಂಡು, ನಮ್ಮಮ್ಮ ಚೆನ್ನಾಗಿದೆ ಅಂದ್ರೆ ಆರು ಸಾವಿರ ಮಾಡೋಣ ಅಂತ ಹೇಳಿ ಹೊರಟುಬಿಟ್ಟಿದ್ರು. ಇವನು ದೂರದಿಂದ ನೋಡಿದ್ದಷ್ಟೇ. ತನ್ನ ಕಪ್ಪಿನ ಹಿಡಿಯೊಳಗೆ ತನ್ನದೇ ಬೆರಳು ತೂರಿಸಿ ನೋಡೋ ಭಾಗ್ಯ ಇರ್ಲಿಲ್ಲ. ಆ ಹಿಡಿಗೇ ಕಾರ್ಖಾನೆಯಲ್ಲಿ ಕಿವಿ ಅನ್ನೋದು.

ಅವನು ತನ್ನ ರೂಮಿಗೆ ಓಡಿಹೋಗಿ ಡ್ರಾಯರ್ ಎಳೆದು ಡ್ರಾಯಿಂಗ್ ಹಾಸಿದ. ಬೆರಳಿಟ್ಟು ಒಂದೊಂದೇ ಅಳತೆ ನೋಡ್ತಾ ಬಂದ.

ಪಿಂಗಾಣಿ ಮಣ್ಣಿನ ಸ್ವಭಾವ ಹೇಗೆ ಅಂದ್ರೆ, ಭಟ್ಟಿಯಲ್ಲಿ ಬೇಯುವಾಗ ಅದು ಒಗೆದ ಉಲ್ಲನ್ ಸ್ವೆಟರ್ ಥರ ಕುಗ್ಗುತ್ತೆ. ನೂರು ಮಿಲಿಮೀಟರ್ ಒಳಗೆ ಹೋದ್ರೆ ಎಂಬತ್ತಾರು ಹೊರಗೆ ಬರುತ್ತೆ. ಅದಕ್ಕೇ ಡ್ರಾಯಿಂಗಲ್ಲಿ ಪ್ರತಿ ಅಳತೆ ಪಕ್ಕ ಕೆಂಪು ಪೆನ್ಸಿಲಲ್ಲಿ ಹಿಗ್ಗಿಸಿದ ಅಳತೆ ಬರೀಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸೋ ಪಾಠ ಇದು. ಕಪ್ಪಿನ ಬಾಯಿ ಪಕ್ಕ ಕೆಂಪು ಇತ್ತು, ಎತ್ತರದ ಪಕ್ಕ ಇತ್ತು, ಸಾಸರಿನ ಪಕ್ಕ ಇತ್ತು. ಕಿವಿಯ ಪಕ್ಕ ಇರ್ಲಿಲ್ಲ.

ಕಿವಿಯ ಪಕ್ಕ ಏನಿತ್ತು ಅಂದ್ರೆ ಅವನ ಸಹಿ. ಒಂದಲ್ಲ, ನಲವತ್ಮೂರು. ಆವತ್ತು ಮಧ್ಯಾಹ್ನ ಪೂರ್ತಿ, ಅಡಿಯಲ್ಲಿ ಹಾಕೋ ಸಹಿ ಹೇಗೆ ಬಳುಕಬೇಕು ಅಂತ ಪ್ರಾಕ್ಟೀಸ್ ಮಾಡ್ತಾ ಕೂತಿದ್ದ ಪುಣ್ಯಾತ್ಮ. ಡ್ರಾಯಿಂಗ್ ನೋಡಿ ಪ್ಲಾಸ್ಟರಲ್ಲಿ ಅಚ್ಚು ತೆಗೆಯೋ ಅಚ್ಚಿನ ಮೇಷ್ಟ್ರು ಬಂದು ಕುಗ್ಗೋದು ಎಲ್ಲಾ ಲೆಕ್ಕ ಹಾಕಿದೀಯೇನಪ್ಪಾ ಅಂತ ಕೇಳಿದ್ರೆ, ತಲೆನೂ ಎತ್ತದೆ, ಇದು ಸೋಪುಡಬ್ಬಿ ಅಲ್ಲ ಮೇಷ್ಟ್ರೇ, ಎಲ್ಲಾ ಹಾಕಿದೀನಿ ಅಂದಿದ್ದ. ಈಗ ಆ ಮಾತು ನೆನೆಸಿಕೊಂಡ್ರೆ ಟೇಬಲ್ ಕೆಳಗೆ ನುಗ್ಗಿ ಕೂರೋಣ ಅನ್ನಿಸ್ತು.

ಅಷ್ಟರಲ್ಲಿ ಫೋನ್ ಬಂತು. ಯಜಮಾನ್ರು. ಹಿಂದೆ ಐದಾರು ಜನ ಒಟ್ಟಿಗೆ ಮಾತಾಡೋ ಗಲಾಟೆ. ಅವರು ಹಲೋ ಅಂತಾನೂ ಅನ್ನಲಿಲ್ಲ.

"ತಪ್ಪು ಎಲ್ಲಿ? ಡ್ರಾಯಿಂಗಲ್ಲೋ, ಅಚ್ಚಲ್ಲೋ?"

ಒಂದು ಕ್ಷಣ. ಒಂದೇ ಒಂದು ಕ್ಷಣ. ಕಣ್ಣೆದುರಿಗೆ ನಲವತ್ಮೂರು ಸಹಿ, ಬೋರಲು ಕಪ್ಪು ನೋಡೋಕೆ ಬರೋ ಮೂರು ಮನೆಯವರು, ಆಮೇಲೆ ಸಾಯೋವರೆಗೂ ಸೋಪುಡಬ್ಬಿ.

"ಅಚ್ಚು... ಅಚ್ಚು ಒಂದ್ಸಲ ನೋಡಬೇಕು ಸರ್."

ಅವನ ರೂಮಿಗೂ ಅಚ್ಚಿನ ರೂಮಿಗೂ ನಡುವೆ ಇರೋದು ಒಂದು ಪ್ಲೈವುಡ್ ಗೋಡೆ. ಆ ಕಡೆ ಕರಕರ ಅಂತ ಪ್ಲಾಸ್ಟರ್ ಕೆರೀತಿದ್ದ ಸದ್ದು ಟಕ್ಕಂತ ನಿಂತಿತು. ಆಮೇಲೆ ನಿಧಾನಕ್ಕೆ ಮತ್ತೆ ಶುರುವಾಯ್ತು. ಯಜಮಾನ್ರು ಹಂಗಾದ್ರೆ ಅವರನ್ನೂ ಕರ್ಕೊಂಡು ಬಾ ಅಂತ ಹೇಳಿ ಫೋನ್ ಇಟ್ರು.

ಅಚ್ಚಿನ ಮೇಷ್ಟ್ರಿಗೆ ರಿಟೈರ್ ಆಗೋಕೆ ಇನ್ನು ಒಂದು ತಿಂಗಳಿತ್ತು. ಮೂವತ್ತೈದು ವರ್ಷ ಪ್ಲಾಸ್ಟರ್ ಧೂಳಲ್ಲಿ ಇದ್ದೂ ಇದ್ದೂ ಹುಬ್ಬೆಲ್ಲಾ ಬೆಳ್ಳಗಾಗಿ, ಯಾವಾಗಲೂ ಯಾರೋ ಹಿಟ್ಟಿನ ಡಬ್ಬ ತಲೆ ಮೇಲೆ ಬೀಳಿಸಿದ ಹಾಗೆ ಕಾಣೋರು. ಏನು, ಎತ್ತ ಅಂತ ಒಂದು ಮಾತೂ ಕೇಳಲಿಲ್ಲ. ಸಣ್ಣ ಸುತ್ತಿಗೆ, ಇಕ್ಕಳ ಚೀಲಕ್ಕೆ ಹಾಕ್ಕೊಂಡು ಅವನ ಸ್ಕೂಟರ್ ಹಿಂದೆ ಕೂತ್ರು. ದಾರಿಯಲ್ಲಿ ಸಿಗ್ನಲ್ ಬಿದ್ದಾಗ ಜೇಬಿಂದ ಎರಡು ಬಿಸ್ಕೆಟ್ ತೆಗೆದು, ಒಂದನ್ನ ಹಿಂದಿನಿಂದ ಅವನ ಬಾಯಿಗೇ ಇಟ್ರು. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ, ತಿನ್ನು ಅಂದ್ರು. ಆ ಬಿಸ್ಕೆಟ್ ಅವನ ಗಂಟಲಲ್ಲಿ ಇಟ್ಟಿಗೆ ಥರ ನಿಂತುಬಿಡ್ತು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಯಜಮಾನ್ರ ಮನೆ ಹಾಲ್ ಅಂದ್ರೆ ಬಸ್ ಸ್ಟ್ಯಾಂಡ್ ಆಗಿತ್ತು. ನಡುವೆ ದೊಡ್ಡ ಕುರ್ಚಿಯಲ್ಲಿ ಯಜಮಾನ್ರ ತಾಯಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಬಲಗೈ ಎತ್ತಿ ಹಿಡಿದು ಕೂತಿದ್ರು. ಬೆರಳಿಗೂ ಕಪ್ಪಿಗೂ ಸೇರಿಸಿ ಒದ್ದೆ ಟವೆಲ್ ಸುತ್ತಿ, ಒಳಗೆ ಐಸ್ ತುಂಬಿ, ಮೇಲೆ ಸೋಪಿನ ನೊರೆ ಮೆತ್ತಿದ್ರು. ನೊರೆ ನಡುವೆ ಕಿವಿಯ ಒಂದು ತುದಿ ಮಾತ್ರ ಕಾಣ್ತಿತ್ತು. ಗುಬ್ಬಿ ಬಾಲದ ಥರ ಮೇಲಕ್ಕೆ ಎದ್ದ ತುದಿ. ಅವನದ್ದೇ ಕಪ್ಪು, ಸಂಶಯವೇ ಇಲ್ಲ.

ಸುತ್ತ ಆರು ಜನ ನೆಂಟರಲ್ಲ ಇಷ್ಟರಲ್ಲ, ಬರೀ ಸಲಹೆಗಾರರು. ಪಕ್ಕದ ಮನೆ ರಿಟೈರ್ಡ್ ನರ್ಸಮ್ಮ, ಅವರ ಗಂಡ, ಮೇಲ್ಮನೆ ಗಂಡ ಹೆಂಡತಿ, ಕೆಳಗಿನ ಅಂಗಡಿಯ ಟೈಲರ್, ಜೊತೆಗೆ ಯಾರ ಮನೆಯದ್ದೋ ನಲ್ಲಿ ರಿಪೇರಿಗೆ ಬಂದು ಗಲಾಟೆ ಕೇಳಿ ಒಳಗೆ ಬಂದಿದ್ದ ಪ್ಲಂಬರ್. ಆರೂ ಜನ ಹೊಸ ಕಪ್ಪಲ್ಲಿ ಟೀ ಕುಡೀತಾ ನಿಂತಿದ್ರು. ಸೋಪುಡಬ್ಬಿಗೆ ಅವರ ಕೈ ಕಡೆ ನೋಡೋ ಧೈರ್ಯ ಬರ್ಲಿಲ್ಲ. ನೆಲದ ಟೈಲ್ಸ್ ಎಣಿಸ್ತಾ ನಿಂತ.

ಬೆರಳಿಗೆ ದಾರ ಬಿಗಿಯಾಗಿ ಸುತ್ತಿ ಬಿಚ್ಚಿದ್ರೆ ಜಾರಿ ಬರುತ್ತೆ ಅಂತ ಟೈಲರ್ ಹೇಳಿದ. ದಾರ ಸುತ್ತಿದ್ರು, ಈಗ ದಾರನೂ ಸಿಕ್ಕಾಕೊಂಡಿತು. ಪ್ಲಂಬರ್ ಪೈಪಿಗೆ ಹಚ್ಚೋ ಗ್ರೀಸ್ ತೆಗೆದ. ನರ್ಸಮ್ಮ ಅವನನ್ನ ಹಿಂದಕ್ಕೆ ತಳ್ಳಿ, ಇದೇನು ಬೆರಳೋ ಮೋರಿ ಪೈಪೋ ಅಂತ ಕೇಳಿ, ಇನ್ನೊಂದಿಷ್ಟು ಸೋಪು ತನ್ನಿ ಅಂದ್ರು. ಬಚ್ಚಲಿಂದ ಸೋಪನ್ನ ಡಬ್ಬಿ ಸಮೇತ ತಂದ್ರು. ಡಬ್ಬಿಯೊಳಗೆ ಸೋಪು ಕರಗಿ ಗಂಜಿಯಾಗಿ ಹೋಗಿತ್ತು.

"ಯಾವ ಮಹಾನುಭಾವ ಮಾಡಿದ್ನೋ ಈ ಡಬ್ಬಿನ. ನೀರು ಹೋಗೋಕೆ ಒಂದು ತೂತು ಇಡೋ ಬುದ್ಧಿ ಬೇಡ್ವಾ?" ಅಂದ್ರು ನರ್ಸಮ್ಮ.

ಅದೂ ಅವನದ್ದೇ. ಮೇಷ್ಟ್ರು ಮಾತ್ರ ಅವನ ಮುಖ ಒಂದ್ಸಲ ನೋಡಿ, ಸೋಪಿನ ಗಂಜಿನ ಎರಡು ಬೆರಳಲ್ಲಿ ತೆಗೆದು, ಟವೆಲ್ ಸ್ವಲ್ಪ ಸರಿಸಿ, ದೊಡ್ಡಮ್ಮನ ಬೆರಳಿಗೆ ಹಚ್ಚೋಕೆ ಮಂಡಿ ಊರಿ ಕೂತ್ರು. ಕಪ್ಪನ್ನ ಒಂದು ಗಳಿಗೆ ದಿಟ್ಟಿಸಿ ನೋಡಿದ್ರು, ಅವರ ಬಿಳಿ ಹುಬ್ಬು ಮೇಲೇರಿತು. ಮತ್ತೆ ಸೋಪು ಹಚ್ಚೋಕೆ ಶುರು ಮಾಡಿದ್ರು.

ದೊಡ್ಡಮ್ಮ ಒಬ್ರೇ ಶಾಂತವಾಗಿದ್ರು. ನನ್ನ ಕಪ್ಪು ಒಡೀಬೇಡ್ರಪ್ಪಾ, ಬೆರಳು ಹೋದ್ರೆ ಹೋಗ್ಲಿ, ಇನ್ನೂ ಒಂಬತ್ತಿದೆ ಅಂತ ಅವರು ಬೆಳಗ್ಗೆಯಿಂದ ಹೇಳ್ತಾನೇ ಇದ್ರಂತೆ. ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ. ವಯಸ್ಸಾದೋರು, ಹೊಸ ಸಾಮಾನು ಅಂದ್ರೆ ಆಸೆ ಅಂದ್ಕೊಂಡ್ರು.

ಬೆರಳು ಊದಿ ನೀಲಿ ತಿರುಗ್ತಾ ಇತ್ತು. ಯಜಮಾನ್ರ ಸಹನೆ ಮುಗೀತು. ತಾಯಿಗೆ ಏನಾಗುತ್ತೋ ಅನ್ನೋ ಹೆದರಿಕೆ ಪೂರ್ತಿ ಮೇಷ್ಟ್ರ ಮೇಲೆ ತಿರುಗಿತು. ಆರು ಜನರ ಎದುರಿಗೆ, ಟೀ ಸೊರ್ ಅನ್ನೋ ಸದ್ದಿನ ನಡುವೆ, ಮೂವತ್ತೈದು ವರ್ಷ ಅಚ್ಚು ಮಾಡಿ ಇಷ್ಟೇನಾ ಕಲಿತಿದ್ದು, ಒಂದು ಕಿವಿ ಸರಿಯಾಗಿ ಮಾಡೋಕಾಗಲ್ಲ ಅಂದ್ರೆ ಒಂದು ತಿಂಗಳು ಮುಂಚೆನೇ ಮನೆಗೆ ಹೋಗಬಹುದಲ್ಲ ಅಂದ್ರು. ಮೇಷ್ಟ್ರು ಮಂಡಿ ಊರಿದ ಜಾಗದಿಂದ ತಲೆ ಎತ್ತಲಿಲ್ಲ. ಸೋಪು ಹಚ್ಚೋ ಕೈ ಒಂದು ಸಲ ನಿಂತು, ಮತ್ತೆ ಶುರುವಾಯ್ತು. ಪ್ಲೈವುಡ್ ಗೋಡೆಯ ಆ ಕಡೆ ನಿಂತಿತ್ತಲ್ಲ, ಥೇಟ್ ಹಾಗೇ.

ಸೋಪುಡಬ್ಬಿಯ ಗಂಟಲಲ್ಲಿದ್ದ ಬಿಸ್ಕೆಟ್ ಆಗ ಕರಗಿತು.

"ಸರ್, ತಪ್ಪು ಅಚ್ಚಿಂದಲ್ಲ. ನಂದು."

ಎಲ್ಲರ ಕಪ್ಪು ಬಾಯಿ ಹತ್ರನೇ ನಿಂತ್ವು.

ಒಂದ್ಸಲ ಬಾಯಿ ಬಿಟ್ಟ ಮೇಲೆ ತಡೆಯೋರು ಯಾರು, ಕೆರೆ ಕಟ್ಟೆ ಒಡೆದ ಹಾಗೆ ಎಲ್ಲಾ ಹೊರಗೆ ಬಂತು. ಕೆಂಪು ಪೆನ್ಸಿಲ್ ಮರೆತಿದ್ದು, ಸಹಿ ಪ್ರಾಕ್ಟೀಸ್ ಮಾಡ್ತಾ ಕೂತಿದ್ದು, ಫೋನಲ್ಲಿ ಅಚ್ಚಿನ ಮೇಲೆ ಹಾಕಿದ್ದು. ಅಲ್ಲಿಗೆ ನಿಲ್ಲಿಸಿದ್ರೆ ಮರ್ಯಾದೆ ಉಳೀತಿತ್ತು. ಅವನು ನಿಲ್ಲಿಸಲಿಲ್ಲ. ಪಶ್ಚಾತ್ತಾಪ ಅನ್ನೋದು ಹಾಗೇ, ಬಿಕ್ಕಳಿಕೆ ಥರ, ಶುರುವಾದ್ರೆ ನಿಲ್ಲಲ್ಲ.

"ಆ ಗುಬ್ಬಿ ಬಾಲದ ಕಿವಿನೂ ನಂದಲ್ಲ ಸರ್. ಸ್ಯಾಂಪಲ್ ರೂಮಿನ ಅಟ್ಟದ ಮೇಲೆ ಧೂಳು ಹಿಡಿದ ಒಂದು ಹಳೇ ಡ್ರಾಯಿಂಗ್ ಸಿಕ್ತು, ಹೆಸರಿರೋ ಮೂಲೆ ಹುಳ ತಿಂದಿತ್ತು. ಅದನ್ನ ನೋಡಿ ಇಳಿಸಿದೆ. ಯಾವನೋ ದಡ್ಡ ಮಾಡಿದ್ದು. ಅವನೂ ಕುಗ್ಗೋದನ್ನ ಲೆಕ್ಕ ಹಾಕಿರ್ಲಿಲ್ಲ ಅನ್ಸುತ್ತೆ. ದಡ್ಡನ್ನ ನೋಡಿ ಕಾಪಿ ಹೊಡೆದ ಇನ್ನೊಬ್ಬ ದಡ್ಡ ನಾನು."

ಯಜಮಾನ್ರ ಮುಖ ಒಂಥರಾ ಆಯ್ತು. ಅದು ಕೋಪ ಅಂತ ಇವನಿಗೆ ಅನ್ನಿಸ್ತು. ಬರೀ ಮಾತಲ್ಲಿ ಆಗಲ್ಲ, ಏನಾದ್ರೂ ಮಾಡಿ ತೋರಿಸಬೇಕು ಅಂತ, ಮೇಷ್ಟ್ರ ಚೀಲದಿಂದ ಇಕ್ಕಳ ಎಳ್ಕೊಂಡ. ಮೇಷ್ಟ್ರು ತಡಿಯೋ ಅನ್ನೋದಕ್ಕೂ, ದೊಡ್ಡಮ್ಮ ಬೇಡ್ವೋ ಅನ್ನೋದಕ್ಕೂ, ಇವನು ಕಿವಿಯನ್ನ ಕಟಕ್ ಅನ್ನಿಸೋದಕ್ಕೂ ಸರಿಹೋಯ್ತು.

ಬೆರಳು ಈಚೆ ಬಂತು, ಒಂದು ಗೀರೂ ಇಲ್ಲದೆ. ಕಪ್ಪು ಟವೆಲಿಂದ ಜಾರಿ ಕೆಳಗೆ ಬಿತ್ತು. ಹೋಳುಗಳು ನಾಲ್ಕು ಕಡೆ ಚೆದುರಿದ್ರೆ, ಅಡಿಭಾಗ ಮಾತ್ರ ನಾಣ್ಯದ ಥರ ಗಿರಗಿರ ಸುತ್ತಿ, ಯಜಮಾನ್ರ ಚಪ್ಪಲಿ ಹತ್ರ ಬೋರಲಾಗಿ ನಿಂತಿತು.

ಬೋರಲಾದ ಅಡಿಯಲ್ಲಿ ಒಂದು ಸಹಿ ಇತ್ತು. ಚೆನ್ನಾಗಿ ಬಳುಕಿಸಿದ ಸಹಿ. ಆರು ವರ್ಷದಿಂದ ಪ್ರತಿ ತಿಂಗಳು ಸಂಬಳದ ಚೀಟಿಯಲ್ಲಿ ಇವನು ನೋಡ್ತಿದ್ದ ಸಹಿ. ಕೆಳಗೆ ಮೂವತ್ತು ವರ್ಷದ ಹಿಂದಿನ ಇಸವಿ.

ದೊಡ್ಡಮ್ಮನೇ ಮಾತಾಡಿದ್ರು.

"ನನ್ನ ಮಗ ಮಾಡಿದ ಮೊದಲನೇ ಕಪ್ಪು ಕಣಪ್ಪಾ ಅದು. ನಿನ್ನ ಹೊಸ ಕಪ್ಪು ನೋಡಿದೆ, ಅರೆ, ಅದೇ ಕಿವಿ ಅನ್ನಿಸ್ತು. ಪಕ್ಕದಲ್ಲಿಟ್ಟು ನೋಡೋಣ ಅಂತ ಶೋಕೇಸಿಂದ ತೆಗೆದು, ಬೆರಳು ಹಾಕ್ಬಿಟ್ಟೆ. ಮೂವತ್ತು ವರ್ಷದ ಹಿಂದೆನೂ ಹೀಗೇ ಸಿಕ್ಕಾಕೊಂಡಿತ್ತು. ಮರ್ತೇ ಹೋಗಿತ್ತು ನೋಡು."

ಸೋಪುಡಬ್ಬಿ ಆಗ ತಲೆ ಎತ್ತಿ ಆ ಆರು ಜನರ ಕೈ ನೋಡಿದ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಸುಟ್ಟಿದ್ದ ಆರೂ ಕಪ್ಪು ಅಲ್ಲೇ ಇದ್ವು. ಪ್ಲಂಬರಿನ ಬಾಳೆಕಾಯಿ ಗಾತ್ರದ ಬೆರಳು ಕೂಡ ಕಿವಿಯೊಳಗೆ ಆರಾಮಾಗಿ ಕೂತಿತ್ತು, ಇನ್ನೂ ಜಾಗ ಉಳಿದಿತ್ತು.

ಮೇಷ್ಟ್ರು ಮಂಡಿ ಒತ್ತಿಕೊಂಡು ಎದ್ರು. ಅವನಿಗೆ ಮಾತ್ರ ಕೇಳೋ ಹಾಗೆ ಹೇಳಿದ್ರು:

"ನಿನ್ನ ಡ್ರಾಯಿಂಗಲ್ಲಿ ಆ ಕಿವಿ ಕಂಡ ತಕ್ಷಣ ನಂಗೆ ಹಳೇದು ನೆನಪಾಯ್ತು. ನಿನ್ನ ಅಳತೆ ಬಿಟ್ಟು ಅಚ್ಚನ್ನ ನಾನೇ ದೊಡ್ಡದು ಮಾಡಿದ್ದೆ. ಇಲ್ಲಿ ಟವೆಲ್ ಸರಿಸಿದಾಗಲೇ ಇದು ಯಜಮಾನ್ರ ಹಳೇ ಕಪ್ಪು ಅಂತ ಗೊತ್ತಾಯ್ತು."

"ಮತ್ತೆ ಹೇಳಬಾರದಿತ್ತಾ ಮೇಷ್ಟ್ರೇ?"

"ಪ್ಲೈವುಡ್ ಗೋಡೆ ತೆಳ್ಳಗಿದೆ ಮಗಾ. ಫೋನಲ್ಲಿ ನೀನು ಅಂದಿದ್ದು ಕೇಳಿಸ್ತು. ನೀನೇ ಹೇಳ್ತೀಯೇನೋ ಅಂತ ಕಾದೆ. ಹೇಳಿದೆ, ಸಂತೋಷ." ಸುತ್ತಿಗೆಯನ್ನ ಚೀಲಕ್ಕೆ ಹಾಕಿ ಸೇರಿಸಿದ್ರು, "ಸ್ವಲ್ಪ ಜಾಸ್ತಿನೇ ಹೇಳಿದೆ."

ಅವನ ಕಿವಿ ಎರಡೂ ಭಟ್ಟಿಯಿಂದ ಈಗ ತಾನೇ ತೆಗೆದ ಹಾಗೆ ಕೆಂಪಾದ್ವು. ಯಜಮಾನ್ರು ಬಗ್ಗಿ ತಮ್ಮ ಸಹಿಯ ಹೋಳನ್ನ ಎತ್ತಿ, ಪಂಚಾಯ್ತಿ ಮಾಡೋಕೆ ನಿಂತಿದ್ದ ಆರು ಜನರ ಕಡೆ ಒಂದ್ಸಲ ನೋಡಿ, ಅಂಗಿಗೆ ಒರೆಸಿಕೊಂಡ್ರು. ದಡ್ಡ ಅನ್ನೋ ಮಾತು ಇನ್ನೂ ಹಾಲ್ ನಡುವೆ, ಒಗೆದ ಬಟ್ಟೆ ಥರ ನೇತಾಡ್ತಿತ್ತು. ಮೊದಲು ಅವರು ಮೇಷ್ಟ್ರ ಕಡೆ ತಿರುಗಿ, ಕಣ್ಣು ತಪ್ಪಿಸಿ, ಏನೋ ಹೇಳೋಕೆ ಹೋಗಿ ಕೆಮ್ಮಿದ್ರು. ಆಮೇಲೆ ಇವನ ಕಡೆ ತಿರುಗಿದ್ರು.

"ನಾಳೆ ಬೆಳಗ್ಗೆ ಹತ್ತು ಗಂಟೆಗೆ ನನ್ನ ರೂಮಿಗೆ ಬಾ. ನಿನ್ನ ಡ್ರಾಯಿಂಗ್ ತಗೊಂಡು ಬಾ. ಆ ಇನ್ನೊಬ್ಬ ದಡ್ಡನ ಡ್ರಾಯಿಂಗೂ ತಗೊಂಡು ಬಾ."

"ಅದಕ್ಕೂ ಮುಂಚೆ ಒಂಬತ್ತಕ್ಕೆ ಇಲ್ಲಿಗೆ ಬಾರಪ್ಪಾ," ಅಂದ್ರು ದೊಡ್ಡಮ್ಮ, ಹೋಳುಗಳನ್ನ ಆರಿಸಿ ಅವನ ಸೋಪುಡಬ್ಬಿಯೊಳಗೆ ತುಂಬ್ತಾ. "ಬರ್ತಾ ಅಂಟು ತಗೊಂಡು ಬಾ."