ಕಂಪ್ಯೂಟರಿಗೆ ಹೊದಿಸಿದ ಟವೆಲ್ಲು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಹಳೇ ಟವೆಲ್ಲು. ಕಂಪ್ಯೂಟರ್ ಮೇಷ್ಟ್ರು ಬೆಳಿಗ್ಗೆ ಮೈ ಒರೆಸಿಕೊಂಡವರು ಅದನ್ನು ಹಗ್ಗದ ಮೇಲೆ ಹಾಕುವ ಬದಲು ತಮ್ಮ ಕಂಪ್ಯೂಟರಿನ ಪರದೆಗೆ ಹೊದಿಸಿದರು.

ಹುಚ್ಚಲ್ಲ. ಮೇಷ್ಟ್ರ ಹೆಂಡತಿಯ ಅಣ್ಣನಿಗೆ ಹುಟ್ಟಿನಿಂದ ಕಣ್ಣಿಲ್ಲ. ಬ್ಯಾಂಕಿನಲ್ಲಿ ಕೆಲಸ, ಬಾಯಿ ಮಾತ್ರ ಕತ್ತರಿ. ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶದಿಂದ ಅವರ ಕೆಲಸವೆಲ್ಲ ಸಲೀಸು. ಅದು ಓದುವ ವೇಗ ನಮಗೆ ಹೆಂಚಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಭಾವನ ಕಿವಿಗೆ ಅದರಲ್ಲಿ ಒಂದಕ್ಷರ ತಪ್ಪದು. ಇನ್ನೊಂದು ಹೆಚ್ಚುಗಾರಿಕೆಯೆಂದರೆ ಆ ತಂತ್ರಾಂಶ ಯಾವ ಕಂಪನಿಯ ಸೊತ್ತೂ ಅಲ್ಲ. ಎಲ್ಲೆಲ್ಲೋ ಇರುವ ಒಬ್ಬಳು ನರ್ಸು, ಒಬ್ಬ ಲಾರಿ ಮೆಕ್ಯಾನಿಕ್ಕು, ಒಬ್ಬ ನಿವೃತ್ತ ಜಡ್ಜು, ಹೀಗೆ ಒಬ್ಬರ ಮುಖ ಒಬ್ಬರು ಕಾಣದ ಜನ ತಮ್ಮ ಕೆಲಸ ಮುಗಿಸಿ ಬಂದು ಪುಕ್ಕಟೆ ಕೂತು ಕಟ್ಟಿದ್ದು, ಪುಕ್ಕಟೆ ಹಂಚಿದ್ದು. ಪಕ್ಕದ ಮನೆಗೆ ಒಂದು ಕೊಡ ನೀರು ಕೊಡಲು ಗೊಣಗುವ ಕಾಲದಲ್ಲಿ ಇಂಥವರೂ ಇದ್ದಾರೆ! ಭಾವನೂ ಅವರಲ್ಲೊಬ್ಬರು. ಬೇರೆಯವರು ಮಾಡಿದ ರಿಪೇರಿಯನ್ನು ಬಳಸಿ ನೋಡಿ, ಸರಿಯಿಲ್ಲದಿದ್ದರೆ ಮುಖಕ್ಕೆ ಎಸೆದ ಹಾಗೆ ವಾಪಸು ಕಳಿಸುವುದು ಅವರ ಪಾಲಿನ ಸೇವೆ.

ಆ ತಂತ್ರಾಂಶಕ್ಕೆ ಒಂದೇ ಒಂದು ಕೆಟ್ಟ ಚಾಳಿಯಿತ್ತು. ಬಸ್ಸಿನ ವೇಳಾಪಟ್ಟಿಯಲ್ಲಿ ಬಸ್ಸಿಲ್ಲದ ಕಡೆ ಖಾಲಿ ಚೌಕ ಬಂದರೆ ಸದ್ದಿಲ್ಲದೆ ಅದನ್ನು ಹಾರಿ, ಅದರ ಜಾಗದಲ್ಲಿ ಮುಂದಿನದನ್ನು ಓದಿಬಿಡುತ್ತಿತ್ತು. ಇಲ್ಲದ ಬಸ್ಸಿಗೆ ಕಾದು ಕಾದು ಭಾವ ಒಣಗಿಹೋಗಿದ್ದರು.

"ಅದೇನ್ ಮಹಾ ಭಾವ, ನಾನ್ ಮಾಡ್ಕೊಡ್ತೀನಿ" ಎಂದು ಮೇಷ್ಟ್ರು ಊಟಕ್ಕೆ ಕೂತಾಗ ಎದೆ ಉಬ್ಬಿಸಿದ್ದರು. ಒಪ್ಪಿಗೆಯಾದರೆ ದುಡಿದವರ ಸಾಲಿನಲ್ಲಿ ಮೇಷ್ಟ್ರ ಹೆಸರೂ ಸೇರುತ್ತದೆ. ತಂತ್ರಾಂಶ ಅದನ್ನು ಬಾಯ್ತುಂಬ ಓದಿ ಹೇಳುತ್ತದೆ, ಹೆಂಡತಿ ಕೇಳುತ್ತಾಳೆ! ಆದರೆ ಆ ದಿನ ಸಂಜೆಯೊಳಗೆ ಕಳಿಸಬೇಕು. ಕಳಿಸುವ ಮೊದಲು ಪರದೆ ಮುಚ್ಚಿ, ಮೌಸ್ ಎತ್ತಿಟ್ಟು, ಬರೀ ಕಿವಿ ಮತ್ತು ಬೆರಳಿನಿಂದ ಪರೀಕ್ಷಿಸಬೇಕು. ಅದು ಆ ಬಳಗದ ಕಟ್ಟಳೆ. ಟವೆಲ್ಲು ಜಾರತೊಡಗಿದಾಗ ಮೋಸ ಬೇಡವೆಂದು ಮೇಷ್ಟ್ರು ಕಣ್ಣನ್ನೂ ಮುಚ್ಚಿಕೊಂಡರು.

"ಖಾಲಿ" ಎಂದಿತು ಯಂತ್ರ. "ಮುಂದುವರಿಯಲು ಕೆಂಪು ಗುಂಡಿ ಒತ್ತಿ."

ಮೇಷ್ಟ್ರು ಎಂಟರ್ ಒತ್ತಿದರು. ಮುಂದಿನ ಬಸ್ಸು ಬಂತು. ಆಹಾ!

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಕಾಂಪೌಂಡರ್ ಪೇಪರ್ ಕೇಳಲು ಬಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಟೀ ಲೋಟಕ್ಕೆ ತಡಕಾಡಿ, ಅದನ್ನು ಉರುಳಿಸಿದ್ದು ಅವರ ಕಣ್ಣಿಗೆ ಬಿತ್ತು.

"ಯಾವಾಗಿಂದ ಹೀಗೆ, ಮೇಷ್ಟ್ರೇ?"

"ಬೆಳಿಗ್ಗೆಯಿಂದ. ಸುಮ್ನಿರಿ ಸ್ವಲ್ಪ."

"ಮನೇಲಿ ಗೊತ್ತಾ?"

ಮೇಷ್ಟ್ರು ಕಣ್ಣು ಬಿಟ್ಟು ಕೂಗಿದರು: "ನನ್ ಕಣ್ಣಿಗೇನೂ ಆಗಿಲ್ಲ ರೀ!"

"ಮೊದಮೊದಲು ಎಲ್ಲಾರೂ ಹಂಗೇ ಅಂತಾರೆ." ಕಾಂಪೌಂಡರ್ ಜೇಬಿನಲ್ಲಿ ಸದಾ ಸಿದ್ಧವಿರುವ ಸೀಸೆ ತೆಗೆದು, ಮೇಷ್ಟ್ರು ಬಾಯಿ ಮುಚ್ಚುವುದರೊಳಗೆ ಎರಡೂ ಕಣ್ಣಿಗೆ ಔಷಧಿ ಬಿಟ್ಟೇಬಿಟ್ಟರು.

ಮೆಣಸಿನಪುಡಿ ಎರಚಿದಂತಾಯಿತು. ಲೋಕವೆಲ್ಲ ಮಂಜು. ಮೇಷ್ಟ್ರು ನೀರಿಗೆಂದು ಓಡಿ ಬಾಗಿಲಿಗೆ ಹಣೆ ಚಚ್ಚಿಕೊಂಡರು. ಆ ಸದ್ದಿಗೆ ಮಹಡಿಯಿಂದ ಇಳಿದು ಬಂದ ಓನರಮ್ಮ ಬಾಯಿ ಬಡಿದುಕೊಂಡರು.

"ಅಯ್ಯೋ, ನಿನ್ನೆ ತಾನೇ ನನ್ ನೋಡಿ ನಕ್ಕಿದ್ರಲ್ಲಪ್ಪಾ!"

ಕಾಂಪೌಂಡರ್ ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದರು. ಇಷ್ಟು ಗಲಾಟೆಯ ನಡುವೆಯೂ ಮೇಷ್ಟ್ರು ಕಣ್ಣೀರು ಸುರಿಸುತ್ತಲೇ ಕೀಲಿಮಣೆ ತಡಕಿ, ತಮ್ಮ ರಿಪೇರಿಯನ್ನು ಕಳಿಸಿಯೇಬಿಟ್ಟರು. ಹಟ ಎಂದರೆ ಹಾಗಿರಬೇಕು.

ಹೆಂಡತಿ ಬ್ಯಾಂಕಿನಲ್ಲಿದ್ದ ಅಣ್ಣನನ್ನೂ ಎಬ್ಬಿಸಿ, ಅವರ ಕೈ ಹಿಡಿದುಕೊಂಡೇ ಓಡಿಬಂದಳು.

"ನೀವೇ ಧೈರ್ಯ ಹೇಳಿ ಸ್ವಾಮಿ" ಎಂದು ಓನರಮ್ಮ ಭಾವನ ಮುಂದೆ ಅತ್ತರು. "ಕಣ್ಣಿಲ್ದೆ ಬದುಕೋದು ನಿಮಗ್ ಗೊತ್ತಲ್ಲ."

"ಧೈರ್ಯ ಆಮೇಲೆ. ಮೊದ್ಲು ಕೆಲ್ಸ ನೋಡ್ತೀನಿ" ಎಂದ ಭಾವ ಕುರ್ಚಿ ತಡವಿ ಕೂತರು. ಬೆರಳು ಕೀಲಿಗಳ ಮೇಲೆ ತಬಲ ಬಾರಿಸಿದಂತೆ ಆಡಿತು.

"ಖಾಲಿ" ಎಂದಿತು ಯಂತ್ರ. ಭಾವನ ಮುಖ ಅರಳಿತು. "ಮುಂದುವರಿಯಲು ಕೆಂಪು ಗುಂಡಿ ಒತ್ತಿ."

ಬೆರಳು ನಿಂತಿತು. ಭಾವ ಹೊಟ್ಟೆ ಹಿಡಿದು ನಗತೊಡಗಿದರು.

"ಯಾರೂ ಅಳಬೇಡಿ. ಇವರ ಕಣ್ಣು ನೂರಕ್ಕೆ ನೂರು ಚೆನ್ನಾಗಿದೆ."

"ನೀವ್ ಹೆಂಗ್ರೀ ಹೇಳ್ತೀರಾ?" ಕಾಂಪೌಂಡರಿಗೆ ಅವಮಾನವಾಯಿತು.

"ಕುರುಡರು ಬಳಸೋ ಯಂತ್ರದಲ್ಲಿ ಕೆಂಪು ಗುಂಡಿ ಒತ್ತಿ ಅಂತ ಬರೆಯೋಕೆ ಭಾರೀ ಒಳ್ಳೆ ಕಣ್ಣಿರಬೇಕು ಕಣ್ರೀ! ಮೇಷ್ಟ್ರೇ, ಕೆಂಪು ಅಂದ್ರೆ ಯಾವ್ದು? ಮೆತ್ತಗಿರುತ್ತಾ, ಗಟ್ಟಿಗಿರುತ್ತಾ?"

ಮೇಷ್ಟ್ರು ತಲೆ ಚಚ್ಚಿಕೊಂಡರು. ಬೆಳಿಗ್ಗೆಯಿಂದ ಆ ಮಾತನ್ನು ಎಷ್ಟು ಸಲ ಕೇಳಿದ್ದರು! ಪರದೆಯ ಆ ಗುಂಡಿಗೆ ಎಂಟರ್ ಒತ್ತಿದರೆ ಸಾಕೆಂದು ತಾವೇ ಬಲ್ಲರಲ್ಲ, ಕಿವಿ ಹೊಕ್ಕದ್ದು ತಲೆಗೆ ಹೋಗಿರಲಿಲ್ಲ.

"ವಾಪಸ್" ಎಂದರು ಭಾವ, ಒಂಚೂರೂ ದಾಕ್ಷಿಣ್ಯವಿಲ್ಲದೆ. ಓನರಮ್ಮ, ಕಾಂಪೌಂಡರ್ ನಿಟ್ಟುಸಿರು ಬಿಟ್ಟು ಹೊರಟರು.

"ಸಂಜೆಗಿನ್ನೂ ಹೊತ್ತಿದೆ, ಕೂತ್ಕೊಳ್ಳಿ. ಖಾಲಿ ಅಂತ ಹೇಳ್ಸಿದ್ದು ನಿಜಕ್ಕೂ ಚೆನ್ನಾಗಿದೆ. ನಂಗಂತೂ ಬಸ್ ಸಿಕ್ಕಂಗೇ ಆಯ್ತು. ಉಳಿದಿದ್ದು ಸರಿ ಮಾಡಿ." ಭಾವ ಟವೆಲ್ಲನ್ನು ಎಳೆದುಕೊಂಡರು. "ಇದನ್ನ ಕಂಪ್ಯೂಟರಿಗೆ ಹೊದಿಸಿದ್ದೇ ತಪ್ಪು. ಅದಕ್ಕೇನ್ರೀ ಬಂದಿದೆ, ಕಣ್ಣಿರೋದು ನಿಮಗೆ!" ಎನ್ನುತ್ತ ಮೇಷ್ಟ್ರ ಕಣ್ಣಿಗೇ ಸುತ್ತಿ ಹಿಂದೆ ಗಂಟು ಬಿಗಿದರು.

ಅದೇ ಗಳಿಗೆಗೆ ಮರೆತ ಚಪ್ಪಲಿಗೆಂದು ಓನರಮ್ಮ ಬಾಗಿಲಿಗೆ ಬಂದರು.

"ಕಾಂಪೌಂಡರೇ, ಬೇಗ ಬನ್ನಿ! ನಮ್ಮೆದುರು ಮುಚ್ಚಿಟ್ಟಿದ್ರು ಕಣ್ರೀ. ನೋಡಿ, ಆಗ್ಲೇ ಕಟ್ಟು ಹಾಕ್ಬಿಟ್ಟಿದ್ದಾರೆ!"

ಕಣ್ಣಿಗೆ ಕಟ್ಟಿದ್ದರೂ, ಸೀಸೆಯ ಮುಚ್ಚಳ ತೆರೆಯುವ ಸದ್ದು ಮೇಷ್ಟ್ರಿಗೆ ಸ್ಪಷ್ಟವಾಗಿ ಕೇಳಿಸಿತು.